ಹಿಮದ ನಾಡಲ್ಲಿ ಕಾಂಕ್ರೀಟ್ ಉದುರೋದು ಯಾಕೆ? ಒಂದು ಪೂಲ್ ಡೆಕ್, ಒಂದಷ್ಟು ಗಾಳಿಗುಳ್ಳೆ

ಹೋದ ವಾರದ ವಿಡಿಯೋ ನಲವತ್ತು ನಿಮಿಷ ಆಗಿಹೋಯ್ತು. ಕ್ಯಾಬಲ್ಲಿ, ಮೆಟ್ರೋದಲ್ಲಿ ಓದೋ ಹಾಗೆ ಬರೆದು ಹಾಕಿ ಅಂತ ತುಂಬಾ ಜನ ಕೇಳಿದ್ರಿ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಸಂಗತಿಗಳನ್ನ ಸೇರಿಸಿ, ಹರಟೆ ಕಡಿಮೆ ಮಾಡಿ ಇಲ್ಲಿ ಕೊಟ್ಟಿದ್ದೀನಿ.

ಇದೆಲ್ಲ ಶುರುವಾಗಿದ್ದು ನಾನು ಕೊಟ್ಟ ಒಂದು ತಪ್ಪು ಸಲಹೆಯಿಂದ. ನಾನು ಎಂಟೆಕ್ ಮಾಡಿದ್ದು ಸಿವಿಲ್‌ನಲ್ಲಿ, ಸ್ಟ್ರಕ್ಚರ್ಸ್. ಅನ್ನ ಹಾಕ್ತಿರೋದು ಜಾವಾ. ಪುಣೆಯಲ್ಲಿ ನನ್ನಂಥವರು ಒಂದು ಸಂಘ ಕಟ್ಟುವಷ್ಟು ಜನ ಇದ್ದಾರೆ, ಅದು ಬೇರೆ ಮಾತು. ಹಾಸ್ಟೆಲ್ ಕಾಲದ ಗೆಳೆಯನೊಬ್ಬ ನ್ಯೂಯಾರ್ಕ್ ರಾಜ್ಯದ ಮೇಲ್ಭಾಗದಲ್ಲಿ, ಅಂದ್ರೆ ನ್ಯೂಯಾರ್ಕ್ ನಗರದಿಂದ ಬಹಳ ದೂರ ಉತ್ತರಕ್ಕೆ, ವರ್ಷಕ್ಕೆ ನಾಲ್ಕೈದು ತಿಂಗಳು ಹಿಮ ಬೀಳೋ ಕಡೆ ಮನೆ ತಗೊಂಡ. 1970ರ ದಶಕದ ಮನೆ, ಹಿತ್ತಲಲ್ಲಿ ಈಜುಕೊಳ. ಒಂದು ಏಪ್ರಿಲ್‌ನಲ್ಲಿ ವಿಡಿಯೋ ಕಾಲ್ ಮಾಡಿ ಕೊಳದ ಸುತ್ತ ಇರೋ ಕಾಂಕ್ರೀಟ್ ನೆಲ ತೋರಿಸಿದ. ಅಲ್ಲಿ ಅದಕ್ಕೆ ಪೂಲ್ ಡೆಕ್ ಅಂತಾರೆ. ಒಂದು ಬದಿಯಲ್ಲಿ ಮೇಲ್ಪದರ ಹಪ್ಪಳದ ಹಾಗೆ ಚಕ್ಕೆ ಚಕ್ಕೆ ಎದ್ದಿತ್ತು. ಇನ್ನೊಂದು ಬದಿ ಸವೆದು, ಮರಳು ಕಾಣಿಸ್ತಾ ಒರಟಾಗಿತ್ತು. ಮಕ್ಕಳು ಬರಿಗಾಲಲ್ಲಿ ಓಡಾಡೋ ಜಾಗ.

ನಾನು ತಡ ಮಾಡಲೇ ಇಲ್ಲ. "ಮಗಾ, ಉದುರಿರೋದನ್ನ ಕೆರೆಸಿ ತೆಗಿ. ಇಡೀ ಡೆಕ್ ಮೇಲೆ ಗಟ್ಟಿ ಸಿಮೆಂಟ್ ಗಾರೆ ಎಳೆಸಿ, ಕರಣೆಯಲ್ಲಿ ಚೆನ್ನಾಗಿ ತೀಡಿಸಿ ನುಣ್ಣಗೆ ಮಾಡಿಸು. ಅದರ ಮೇಲೆ ಒಂದು ಹನಿ ನೀರೂ ಇಳಿಯದ ಹಾಗೆ ಕೋಟಿಂಗ್ ಹೊಡೆಸು," ಅಂದೆ. ಅವನು ಹಾಗೇ ಮಾಡಿಸಿದ. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಕಾಲ್. ಹೊಸ ಪದರ ಊಟದ ತಟ್ಟೆ ಅಗಲದ ತುಂಡುಗಳಾಗಿ ಎದ್ದು ಬಂದಿತ್ತು. ಒಂದನ್ನ ತಿರುಗಿಸಿ ಹಿಡಿದು, "ಇದರ ಜೊತೆ ಕೆಳಗಿನ ಹಳೆ ಕಾಂಕ್ರೀಟೂ ಕಿತ್ಕೊಂಡು ಬಂದಿದೆ ನೋಡಿ, ಎಂಟೆಕ್ ಸಾಹೇಬ್ರೇ" ಅಂದ. ದುಡ್ಡು ಅವನದು, ಮರ್ಯಾದೆ ನನ್ನದು. ಆಮೇಲೆ ಕೂತು ಓದಿದ್ದರ ಫಲ ಈ ಲೇಖನ.

ನನ್ನ ತಪ್ಪು ಎಲ್ಲಿಂದ ಬಂತು ಅಂತ ಈಗ ಗೊತ್ತು. ನಮ್ಮ ಅಜ್ಜಿ ಮನೆಯ ರೆಡ್ ಆಕ್ಸೈಡ್ ನೆಲ ನೆನಪಿರಬೇಕು ನಿಮಗೆಲ್ಲ. ಮೇಸ್ತ್ರಿ ಗಂಟೆಗಟ್ಟಲೆ ತೀಡಿ ತೀಡಿ ಕನ್ನಡಿ ಮಾಡ್ತಿದ್ದ. ಎಷ್ಟು ನುಣುಪೋ ಅಷ್ಟು ಗಟ್ಟಿ ಅನ್ನೋದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಜೊತೆಗೆ ಕಾಲೇಜಲ್ಲಿ ಕಲಿತದ್ದು: ಕಾಂಕ್ರೀಟಿಗೆ ಗಾಳಿ ಶತ್ರು, ವೈಬ್ರೇಟರ್ ಇಟ್ಟು ಗಾಳಿಯನ್ನೆಲ್ಲ ಹೊರಗೆ ಹಾಕು. ನೀರು ಯಾವತ್ತೂ ಹೆಪ್ಪುಗಟ್ಟದ ನಾಡಲ್ಲಿ ಇದೆರಡೂ ಸರಿಯೇ. ಗೆಳೆಯನ ಊರಲ್ಲಿ ಎರಡೂ ಕೈಕೊಟ್ಟವು.

ನೀರು ಮಂಜುಗಡ್ಡೆ ಆಗುವಾಗ ಗಾತ್ರದಲ್ಲಿ ಸುಮಾರು ಶೇ. 9ರಷ್ಟು ಹಿಗ್ಗುತ್ತೆ. ಫ್ರೀಜರ್‌ನಲ್ಲಿ ತುಂಬಿದ ಗಾಜಿನ ಬಾಟಲಿ ಮರೆತವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಕಾಂಕ್ರೀಟ್ ನೋಡೋಕೆ ಕಲ್ಲು, ಒಳಗೆ ಸ್ಪಂಜು. ಸಿಮೆಂಟ್ ಗಟ್ಟಿಯಾಗೋಕೆ ಬೇಕಾದ್ದಕ್ಕಿಂತ ಹೆಚ್ಚು ನೀರನ್ನ ನಾವು ಕಲಸೋ ಅನುಕೂಲಕ್ಕೆ ಹಾಕ್ತೀವಿ. ಆ ಹೆಚ್ಚಿನ ನೀರು ಬಿಟ್ಟುಹೋದ ಜಾಗ ಸೂಕ್ಷ್ಮ ರಂಧ್ರಗಳಾಗಿ ಉಳಿಯುತ್ತೆ. ಆ ರಂಧ್ರಗಳು ಅರ್ಧ ತುಂಬಿದ್ರೆ ಮಂಜುಗಡ್ಡೆಗೆ ಹಿಗ್ಗೋಕೆ ಜಾಗ ಇರುತ್ತೆ, ತೊಂದರೆ ಇಲ್ಲ. ಲೆಕ್ಕದ ಪ್ರಕಾರ ಶೇ. 91.7ಕ್ಕಿಂತ ಹೆಚ್ಚು ತುಂಬಿದ್ರೆ ಜಾಗ ಸಾಲಲ್ಲ. ಗೋಡೆಗೆ ಮಳೆ ಬಡಿದು ಹರಿದು ಹೋಗುತ್ತೆ, ಅಷ್ಟು ತುಂಬಲ್ಲ. ಪೂಲ್ ಡೆಕ್ ಮಲಗಿರೋ ಕಾಂಕ್ರೀಟ್. ಬೇಸಿಗೆಯಲ್ಲಿ ಕೊಳದ ನೀರು ಎರಚ್ತಾ ಇರುತ್ತೆ, ಚಳಿಗಾಲದಲ್ಲಿ ಹಿಮ ಮೇಲೇ ಕೂತು ಹಗಲು ಕರಗಿ ಒಳಗಿಳಿದು ರಾತ್ರಿ ಹೆಪ್ಪುಗಟ್ಟುತ್ತೆ. ಮೈನಸ್ ಇಪ್ಪತ್ತರಲ್ಲಿ ತಿಂಗಳು ಪೂರ್ತಿ ಸುಮ್ಮನೆ ಬಿದ್ದಿದ್ರೆ ಅಷ್ಟು ಹಾನಿ ಇಲ್ಲ. ಸೊನ್ನೆಯ ಮೇಲೆ ಕೆಳಗೆ ಮತ್ತೆ ಮತ್ತೆ ಹೋಗಿಬರೋದೇ ಕೊಲ್ಲೋದು.

ಇದೇ ಕಾಯಿಲೆ ಅಮೆರಿಕದ ರಸ್ತೆಗಳಿಗೆ ಬಂದಿತ್ತು. ಅಲ್ಲಿನ ಮೊದಲ ಕಾಂಕ್ರೀಟ್ ಬೀದಿ 1891ರಲ್ಲಿ ಒಹಾಯೋದ ಬೆಲ್ಲೆಫೌಂಟೇನ್ ಅನ್ನೋ ಸಣ್ಣ ಊರಲ್ಲಿ ಆಯ್ತು. ಮೋಟಾರು ಕಾರು ಬಂದಮೇಲೆ ಕಾಂಕ್ರೀಟ್ ರಸ್ತೆ ಎಲ್ಲ ಕಡೆ ಹಬ್ಬಿತು. 1930ರ ದಶಕದಲ್ಲಿ ಉತ್ತರದ ರಾಜ್ಯಗಳ ಎಂಜಿನಿಯರುಗಳಿಗೆ ತಲೆನೋವು ಶುರು: ಲ್ಯಾಬ್ ಪರೀಕ್ಷೆಯಲ್ಲಿ ಬೇಕಾದಷ್ಟು ಬಲ ತೋರಿಸಿದ ಕಾಂಕ್ರೀಟ್ ಕೆಲವೇ ಚಳಿಗಾಲದಲ್ಲಿ ಮೇಲ್ಪದರ ಕಳಚ್ಕೊಳ್ತಿತ್ತು.

ಆದ್ರೆ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವಿಚಿತ್ರ ಕಂಡಿತು. ಹೌದು, ಗೆಳೆಯನ ಮನೆ ಇರೋ ಅದೇ ರಾಜ್ಯ. ಅದೇ ಹಿಮ, ಅದೇ ಲಾರಿಗಳು, ಆದರೂ ಕೆಲವು ರಸ್ತೆಗಳು ಮಾತ್ರ ಏನೂ ಆಗದ ಹಾಗೆ ಇದ್ದವು. ಹುಡುಕ್ತಾ ಹೋದಾಗ ಜಾಡು ಸಿಮೆಂಟ್ ಕಾರ್ಖಾನೆಗೆ ಹೋಯ್ತು. ಸಿಮೆಂಟನ್ನ ಸುಲಭವಾಗಿ ನುಣ್ಣಗೆ ಅರೆಯೋಕೆ ಕೆಲವು ಗಿರಣಿಗಳಲ್ಲಿ ದನದ ಕೊಬ್ಬಿನಂಥ ಜಿಡ್ಡನ್ನ ಒಂಚೂರು ಸೇರಿಸ್ತಿದ್ರು. ಉಳಿದುಕೊಂಡ ರಸ್ತೆಗಳು ಆ ಜಿಡ್ಡು ಸೇರಿದ ಸಿಮೆಂಟಿನವು. ಅವುಗಳ ಕಾಂಕ್ರೀಟ್ ಉಳಿದದ್ದಕ್ಕಿಂತ ಸ್ವಲ್ಪ ಹಗುರವೂ ಇತ್ತು. ಜಿಡ್ಡು, ನೀರು, ಕಲಸುವಿಕೆ ಮೂರೂ ಸೇರಿದ್ರೆ ಏನಾಗುತ್ತೆ? ಸೋಪಿನ ನೊರೆ. ಕಾಂಕ್ರೀಟ್ ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಗಾಳಿಗುಳ್ಳೆಗಳು ಸಿಕ್ಕಿಹಾಕಿಕೊಂಡು ಹಾಗೇ ಗಟ್ಟಿಯಾಗಿದ್ದವು.

ಯಾರೂ ಬೇಕು ಅಂತ ಮಾಡಿದ್ದಲ್ಲ ಇದು. ಅರೆಯುವ ಅನುಕೂಲಕ್ಕೆ ಹಾಕಿದ್ದ ಕೊಬ್ಬು ರಸ್ತೆ ಉಳಿಸಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬಗ್ ಅಂದುಕೊಂಡಿದ್ದು ಫೀಚರ್ ಆಯ್ತು. ಈ ಜೋಕನ್ನ ವಿಡಿಯೋದಲ್ಲಿ ಮೂರು ಸಲ ಮಾಡಿದ್ದೆ, ಇಲ್ಲಿ ಒಂದೇ ಸಲ.

ಗಾಳಿಯಲ್ಲೂ ಎರಡು ಜಾತಿ ಇದೆ, ಇದನ್ನ ಬಿಡಿಸಿ ಹೇಳಬೇಕು. ಸರಿಯಾಗಿ ಕುಟ್ಟದೆ ಬಿಟ್ಟಾಗ ಉಳಿಯೋ ದೊಡ್ಡ ದೊಡ್ಡ ತೂತು ಕೆಟ್ಟದ್ದೇ, ಅದರಿಂದ ಯಾವ ಲಾಭವೂ ಇಲ್ಲ. ಉಪಯೋಗಕ್ಕೆ ಬರೋದು ಮಿಲಿಮೀಟರಿಗಿಂತ ಎಷ್ಟೋ ಸಣ್ಣದಾದ, ಎಲ್ಲ ಕಡೆ ಸಮನಾಗಿ ಹರಡಿದ ಗುಳ್ಳೆ. ಹಿಟ್ಟು ಹದವಾಗಿ ಹುಳಿ ಬಂದ ಇಡ್ಲಿಯನ್ನ ಮುರಿದು ನೋಡಿ, ಆ ಥರ. ಹೆಪ್ಪುಗಟ್ಟೋ ನೀರಿಗೆ ಪಕ್ಕದಲ್ಲೇ ಒಂದು ಖಾಲಿ ಕೋಣೆ ಸಿಗುತ್ತೆ. ಸರ್ವರ್‌ನಲ್ಲಿ ಪೂರ್ತಿ ಕೆಪಾಸಿಟಿ ಬಳಸದೆ ಸ್ವಲ್ಪ ಖಾಲಿ ಬಿಡ್ತೀವಲ್ಲ, ಹಾಗೆ.

ಇದಕ್ಕೆ ಬೆಲೆ ಕೊಡಬೇಕು. ಶೇ. 1ರಷ್ಟು ಗಾಳಿ ಹೆಚ್ಚಿಸಿದ್ರೆ ಕಾಂಕ್ರೀಟಿನ ಬಲ ಸುಮಾರು ಶೇ. 5ರಷ್ಟು ಕಮ್ಮಿ ಆಗುತ್ತೆ ಅನ್ನೋದು ಎಲ್ಲರೂ ಬಳಸೋ ಅಂದಾಜು. ಬೇಕು ಅಂತಲೇ ಕಾಂಕ್ರೀಟನ್ನ ದುರ್ಬಲ ಮಾಡು ಅಂತ ಬಲವನ್ನೇ ಪೂಜಿಸೋ ಎಂಜಿನಿಯರಿಗೆ ಹೇಳಿ ನೋಡಿ! ಆದರೂ ರಸ್ತೆಗಳು ಕಣ್ಣೆದುರೇ ಇದ್ದವು, ವಾದಕ್ಕೆ ಎಡೆ ಇರಲಿಲ್ಲ. 1940ರ ದಶಕ ಶುರುವಾಗುವ ಹೊತ್ತಿಗೆ ಕೊಬ್ಬಿನ ಬದಲು ಪೈನ್ ಮರದ ಬೊಡ್ಡೆಗಳಿಂದ ತೆಗೆದ ವಿನ್ಸಾಲ್ ಅನ್ನೋ ರಾಳವನ್ನ ಅಳತೆ ಪ್ರಕಾರ ಸೇರಿಸೋ ಪದ್ಧತಿ ಬಂತು. ಇವತ್ತು ಅಲ್ಲಿ ಚಳಿಗೆ ಒಡ್ಡಿದ ಕಾಂಕ್ರೀಟಿಗೆ, ಮುಕ್ಕಾಲು ಇಂಚಿನ ಜಲ್ಲಿ ಇದ್ರೆ, ಶೇ. 6ರಷ್ಟು ಗಾಳಿ ಅನ್ನೋದು ಮಾಮೂಲಿ ಅಳತೆ.

ಕೆಲಸ ಮಾಡುತ್ತೆ ಅಂತ ಗೊತ್ತಾಯ್ತು, ಹೇಗೆ ಮಾಡುತ್ತೆ ಅಂತ ಗೊತ್ತಿರಲಿಲ್ಲ. ಅದನ್ನ ಬಿಡಿಸಲು ಹೊರಟವನು ಪೋರ್ಟ್‌ಲ್ಯಾಂಡ್ ಸಿಮೆಂಟ್ ಅಸೋಸಿಯೇಷನ್ನಿನ ಸಂಶೋಧಕ ಟಿ. ಸಿ. ಪವರ್ಸ್. ಈ ಮನುಷ್ಯ ನನಗೆ ತುಂಬಾ ಇಷ್ಟ ಆದ. 1945ರಲ್ಲಿ ಒಂದು ಪ್ರಬಂಧ ಬರೆದು, ಅದರ ಶೀರ್ಷಿಕೆಯಲ್ಲೇ ಇದು ಮುಂದಿನ ಅಧ್ಯಯನಕ್ಕೆ ಒಂದು ತಾತ್ಕಾಲಿಕ ಊಹೆ ಅಂತ ಹೇಳ್ಕೊಂಡ. ಅವನ ಊಹೆ ಹೀಗೆ: ಹಾನಿ ಮಾಡೋದು ಮಂಜುಗಡ್ಡೆ ನೇರವಾಗಿ ಗೋಡೆಯನ್ನ ತಳ್ಳೋದ್ರಿಂದ ಅಲ್ಲ. ಮಂಜುಗಡ್ಡೆ ಬೆಳೀತಾ ಉಳಿದ ನೀರನ್ನ ಕಿರಿದಾದ ರಂಧ್ರಗಳಲ್ಲಿ ಒತ್ತಿ ಓಡಿಸುತ್ತೆ, ಆ ನೀರಿನ ಒತ್ತಡ ಒಡೆಯುತ್ತೆ. ಹಾಗಾದ್ರೆ ಗಾಳಿ ಒಟ್ಟು ಎಷ್ಟಿದೆ ಅನ್ನೋದಕ್ಕಿಂತ, ನೀರು ಓಡಿ ತಲುಪೋ ಗುಳ್ಳೆ ಎಷ್ಟು ದೂರದಲ್ಲಿದೆ ಅನ್ನೋದು ಮುಖ್ಯ. 1949ರಲ್ಲಿ ಆ ದೂರವನ್ನ ಲೆಕ್ಕ ಹಾಕೋ ಸೂತ್ರ ಕೊಟ್ಟ. ಈಗ ಎಲ್ಲರೂ ಒಪ್ಪೋ ಮಿತಿ ಸುಮಾರು 0.2 ಮಿಲಿಮೀಟರ್.

ಆಮೇಲೆ ಅವನೇ ತನ್ನ ಊಹೆಯನ್ನ ತಿದ್ದಿದ. 1953ರಲ್ಲಿ ಹೆಲ್ಮತ್ ಜೊತೆ ಸೇರಿ ಮಾಡಿದ ಪ್ರಯೋಗದಲ್ಲಿ, ಗುಳ್ಳೆ ಇರೋ ಸಿಮೆಂಟ್ ಹೆಪ್ಪುಗಟ್ಟುವಾಗ ಹಿಗ್ಗೋದರ ಬದಲು ಕುಗ್ಗೋದು ಕಂಡಿತು. ಅಂದ್ರೆ ನೀರು ಮಂಜುಗಡ್ಡೆಯಿಂದ ದೂರ ಓಡೋದಲ್ಲ, ಮಂಜುಗಡ್ಡೆಯ ಕಡೆಗೇ ಎಳೆಸಿಕೊಂಡು ಹೋಗುತ್ತೆ. ಗುಳ್ಳೆ ಇದ್ರೆ ಆ ಮಂಜುಗಡ್ಡೆ ಗುಳ್ಳೆಯೊಳಗೆ ನಿರಪಾಯವಾಗಿ ಬೆಳೆಯುತ್ತೆ. ತನ್ನ ಹೆಸರಿನ ಸಿದ್ಧಾಂತವನ್ನ ಎಂಟೇ ವರ್ಷದಲ್ಲಿ ತಾನೇ ಪ್ರಶ್ನೆ ಮಾಡಿದವರು ಎಷ್ಟು ಜನ ಸಿಗ್ತಾರೆ? ಕೋಡ್ ರಿವ್ಯೂದಲ್ಲಿ ಒಂದು ಕಾಮೆಂಟ್ ಹಾಕಿದ್ರೆ ಮುಖ ಊದಿಸ್ಕೊಳ್ಳೋ ಕಾಲ ಇದು.

ಇನ್ನು ಉಪ್ಪು. ರಸ್ತೆ ಮೇಲಿನ ಮಂಜು ಕರಗಿಸೋಕೆ ಉಪ್ಪು ಸುರಿಯೋದನ್ನ ಮೊದಲು ದೊಡ್ಡ ಪ್ರಮಾಣದಲ್ಲಿ ಪ್ರಯೋಗ ಮಾಡಿದ್ದು ನ್ಯೂ ಹ್ಯಾಂಪ್‌ಶೈರ್ ರಾಜ್ಯ, 1938ರಲ್ಲಿ. ಎರಡನೇ ಮಹಾಯುದ್ಧದ ನಂತರ ಅದು ಎಲ್ಲ ಕಡೆ ವಾಡಿಕೆಯಾಯ್ತು. ಜೊತೆಗೇ ಕಾಂಕ್ರೀಟಿನ ಮೇಲ್ಪದರ ಉದುರೋದೂ ಜೋರಾಯ್ತು. ಉಪ್ಪು ಸಿಮೆಂಟನ್ನ ತಿನ್ನುತ್ತೆ ಅಂತ ನಾವೆಲ್ಲ ಅಂದ್ಕೊಳ್ತೀವಿ. 1957ರಲ್ಲಿ ವರ್ಬೆಕ್ ಮತ್ತು ಕ್ಲೀಗರ್ ಅನ್ನೋ ಇಬ್ಬರು ಸಂಶೋಧಕರು ಅಡುಗೆ ಉಪ್ಪು, ಕ್ಯಾಲ್ಸಿಯಂ ಕ್ಲೋರೈಡ್ ಜೊತೆ ಯೂರಿಯಾ, ಆಲ್ಕೋಹಾಲ್ ಕೂಡ ಹಾಕಿ ನೋಡಿದ್ರು. ನಾಲ್ಕೂ ಮೇಲ್ಪದರ ಉದುರಿಸಿದವು! ಎಲ್ಲದರಲ್ಲೂ ಅತಿ ಹೆಚ್ಚು ಹಾನಿ ಮಾಡಿದ್ದು ಗಾಢ ದ್ರಾವಣ ಅಲ್ಲ, ಸುಮಾರು ಶೇ. 3ರಿಂದ 4ರಷ್ಟಿನ ತೆಳು ದ್ರಾವಣ. ಹಾಗಾಗಿ ಇದು ರಾಸಾಯನಿಕ ತಿನ್ನುವಿಕೆಗಿಂತ ಮುಖ್ಯವಾಗಿ ಭೌತಿಕ ಏಟು.

ಗೆಳೆಯನ ಕೊಳ ಈಗಿನ ಫ್ಯಾಷನ್ನಿನ ಉಪ್ಪುನೀರಿನದು. ಉಪ್ಪಿನಿಂದಲೇ ಕ್ಲೋರಿನ್ ತಯಾರಿಸೋ ಯಂತ್ರ ಇರುತ್ತೆ. ಕೊಳದ ನೀರಲ್ಲಿ ಉಪ್ಪು ಸಾಮಾನ್ಯವಾಗಿ ಶೇ. 0.3ರ ಆಸುಪಾಸು, ಅಂದ್ರೆ ಆ ಅಪಾಯದ ಮಟ್ಟದ ಹತ್ತನೇ ಒಂದು ಭಾಗ. ಸಮಾಧಾನ ಪಡಬೇಡಿ. ಡೆಕ್ ಮೇಲೆ ಎರಚಿದ ನೀರು ಬಿಸಿಲಿಗೆ ಆರುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಬೇಸಿಗೆ ಪೂರ್ತಿ ಹೀಗೆ ಸೇರ್ತಾ ಹೋಗುತ್ತೆ. ಇದರ ಮೇಲೆ ಅವನು ಚಳಿಗಾಲದಲ್ಲಿ ಹಿಂಬಾಗಿಲ ಮೆಟ್ಟಿಲಿಗೆ ಚೀಲಗಟ್ಟಲೆ ಉಪ್ಪು ಸುರಿತಿದ್ದ.

ಮೇಲಿನ ಕಥೆ ಇದಾದ್ರೆ ಕೆಳಗಿನದು ಬೇರೆ. ಡೆಕ್‌ನ ಎರಡು ಚಪ್ಪಡಿಗಳು ಮೇಲೆದ್ದು ಪಕ್ಕದವಕ್ಕಿಂತ ಒಂದು ಬೆರಳು ಎತ್ತರ ನಿಂತಿದ್ದವು. ಮಣ್ಣಿನ ನೀರು ಹೆಪ್ಪುಗಟ್ಟಿ ಹಿಗ್ಗಿ ನೆಲ ಎತ್ತುತ್ತೆ ಅಂತ ಹೇಳಿ ಮುಗಿಸಬಹುದಿತ್ತು. ಅದು ತಪ್ಪು ಅಂತ 1929-30ರಲ್ಲೇ ತೋರಿಸಿದವನು ಸ್ಟೀಫನ್ ಟೇಬರ್. ಇವನು ಮೇಷ್ಟ್ರಾಗಿದ್ದು ಹಿಮ ಅಪರೂಪವಾದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ. ನೀರಿನ ಬದಲು ಬೆಂಜೀನ್ ತುಂಬಿದ ಮಣ್ಣನ್ನ ಹೆಪ್ಪುಗಟ್ಟಿಸಿದ. ಬೆಂಜೀನ್ ಗಟ್ಟಿಯಾಗುವಾಗ ಹಿಗ್ಗಲ್ಲ, ಕುಗ್ಗುತ್ತೆ. ಆದರೂ ಮಣ್ಣು ಮೇಲೆದ್ದಿತು! ಅಂದ್ರೆ ಹೆಪ್ಪುಗಟ್ಟೋ ಪದರ ದೀಪದ ಬತ್ತಿಯ ಹಾಗೆ ಕೆಳಗಿಂದ ದ್ರವವನ್ನ ಎಳ್ಕೊಂಡು ಎಳ್ಕೊಂಡು ದಪ್ಪ ಆಗುತ್ತೆ. ನೆಲ ಎತ್ತೋದು ಅದು. ಇದನ್ನ ಓದಿದಾಗ ಪುಣೆಯ ನನ್ನ ಬಾಲ್ಕನಿಯಲ್ಲಿ ಎದ್ದು ನಿಂತುಬಿಟ್ಟಿದ್ದೆ. ಸರಿಪಡಿಸೋ ದಾರಿ ಇದರಲ್ಲೇ ಇದೆ: ಚಪ್ಪಡಿ ಕೆಳಗೆ ನೀರು ಎಳೆಯದ ಜಲ್ಲಿ ಹಾಸು ಮತ್ತು ಮೇಲಿನ ನೀರು ಸಂದಿಯಿಂದ ಒಳಗೆ ಇಳಿಯದ ಹಾಗೆ ನೋಡ್ಕೋ.

ಮರುವರ್ಷ ಆಫೀಸ್ ಕೆಲಸಕ್ಕೆ ಆ ಕಡೆ ಹೋಗೋ ಅವಕಾಶ ಸಿಕ್ಕಿತು. ಜೂನ್ ತಿಂಗಳು. ಬ್ಯಾಗಲ್ಲಿ ಗೆಳೆಯನ ಹೆಂಡತಿಗೆ ಮಾವಿನಕಾಯಿ ಉಪ್ಪಿನಕಾಯಿ, ನನಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಭೂತಗನ್ನಡಿ.

ಎರಡೂ ಬದಿಯಿಂದ ಒಂದೊಂದು ಚಕ್ಕೆ ತಗೊಂಡು ನೋಡಿದೆ. ಸವೆದು ಒರಟಾಗಿದ್ದ ಬದಿ 70ರ ದಶಕದ ಮೂಲ ಕಾಂಕ್ರೀಟ್. ಮುರಿದ ಮೈಯಲ್ಲಿ, ಮೇಲ್ತುದಿವರೆಗೂ, ಸೂಜಿಮೊನೆಯಿಂದ ಚುಚ್ಚಿದಂಥ ಗುಂಡನೆ ಗುಳ್ಳೆಗಳು. ಚಕ್ಕೆ ಎದ್ದಿದ್ದ ಬದಿಯನ್ನ ಹಳೆ ಮಾಲೀಕ ಮನೆ ಮಾರೋ ಮುಂಚೆ ಹೊಸದಾಗಿ ಹಾಕಿಸಿದ್ದನಂತೆ. ಅದರ ಒಳಗೂ ಗುಳ್ಳೆ ಇದ್ದವು, ಆದ್ರೆ ಮೇಲಿನ ಎರಡು ಮೂರು ಮಿಲಿಮೀಟರಿನಲ್ಲಿ ಇಲ್ಲ. ಕಾಂಕ್ರೀಟ್ ಹಾಕಿದ ಮೇಲೆ ನೀರು ಮೇಲಕ್ಕೆ ಜಿನುಗುತ್ತೆ. ಅದು ಆರೋ ಮೊದಲೇ ಕರಣೆಯಲ್ಲಿ ತೀಡಿದ್ರೆ ಮೇಲ್ಪದರದಲ್ಲಿ ನೀರು ಹೆಚ್ಚಾಗಿ, ಗುಳ್ಳೆಗಳು ಒಡೆದುಹೋಗಿ, ನುಣ್ಣನೆಯ ದುರ್ಬಲ ಚರ್ಮ ಉಳಿಯುತ್ತೆ. ಅಜ್ಜಿ ಮನೆ ನೆಲದ ಕೆಲಸವನ್ನೇ ಯಾರೋ ಅಲ್ಲೂ ಮಾಡಿದ್ರು. ಆಮೇಲೆ ನಾನು ಅದನ್ನೇ ಇನ್ನೊಂದು ಸಲ ಮಾಡಿಸಿದ್ದೆ. ಗಾಳಿಯೇ ಇಲ್ಲದ ಗಾರೆ, ಅದರ ಕೆಳಗೆ ಸತ್ತ ಚರ್ಮ, ಮೇಲೆ ಉಸಿರಾಡದ ಕೋಟಿಂಗ್. ಸಂದಿಯಿಂದ, ನೆಲದಿಂದ ಒಳಬಂದ ತೇವಕ್ಕೆ ಹೊರಗೆ ಹೋಗೋ ದಾರಿಯನ್ನೇ ಮುಚ್ಚಿದ್ದೆ. ನೋಡೋಕೆ ಹಾಳಾಗಿದ್ದ ಹಳೆ ಬದಿ ಗಟ್ಟಿಯಾಗಿತ್ತು. ಅದನ್ನ ಮುಟ್ಟೋ ಅಗತ್ಯವೇ ಇರಲಿಲ್ಲ.

ಗಟ್ಟಿಯಾದ ಕಾಂಕ್ರೀಟಿಗೆ ಆಮೇಲೆ ಗಾಳಿ ತುಂಬೋಕೆ ಬರಲ್ಲ. ಒಳಗೆ ಗಾಳಿ ಇಲ್ಲದಿದ್ರೆ ಒಡೆದು ಹೊಸದು ಹಾಕೋದೇ ದಾರಿ. ಇಲ್ಲಿ ಒಳಗೆ ಚೆನ್ನಾಗಿತ್ತು, ಹಾಗಾಗಿ ಉಳಿಸೋ ಆಸೆ ಇಟ್ಟುಕೊಳ್ಳಬಹುದಿತ್ತು. ಮೊದಲ ದಿನ ಇಬ್ಬರೂ ಸುತ್ತಿಗೆ ಹಿಡಿದು ಇಡೀ ಡೆಕ್ ತಟ್ಟಿದ್ವಿ. ಟಣ್ ಅಂದ್ರೆ ಗಟ್ಟಿ, ಡಬ್ ಅಂದ್ರೆ ಪೊಳ್ಳು, ಪೊಳ್ಳಿಗೆ ಸೀಮೆಸುಣ್ಣದ ಗುರುತು. ಪಕ್ಕದ ಮನೆ ಅಜ್ಜ ಬೇಲಿ ಮೇಲಿಂದ ಇಣುಕಿ ಇಣುಕಿ ನೋಡ್ತಿದ್ದ.

ಈ ಸಲ ಬೇರೆ ಗುತ್ತಿಗೆದಾರ ಬಂದ. ದೊಡ್ಡ ಸುತ್ತಿಗೆ ಯಂತ್ರದಲ್ಲಿ ಕುಟ್ಟಿದ್ರೆ ಉಳಿದ ಒಳ್ಳೆ ಕಾಂಕ್ರೀಟಲ್ಲೂ ಕಣ್ಣಿಗೆ ಕಾಣದ ಬಿರುಕು ಬರುತ್ತೆ ಅಂತ ಅವನೇ ಹೇಳಿದ. ಉಕ್ಕಿನ ಸಣ್ಣ ಗುಂಡುಗಳನ್ನ ಎರಚೋ ಶಾಟ್ ಬ್ಲಾಸ್ಟಿಂಗ್ ಯಂತ್ರದಿಂದ ನನ್ನ ಗಾರೆ, ಕೋಟಿಂಗ್, ಕೆಳಗಿನ ಚರ್ಮ ಎಲ್ಲ ತೆಗೆದ. ಮೇಲೆದ್ದ ಎರಡು ಚಪ್ಪಡಿಗಳನ್ನ ಒಡೆದು, ಮಣ್ಣು ಅಗೆದು, ಜಲ್ಲಿ ತುಂಬಿ, ಗಾಳಿ ಬೆರೆಸಿದ ಹೊಸ ಕಾಂಕ್ರೀಟ್ ಹಾಕಿದ, ಕೊಳದಿಂದ ಆಚೆಗೆ ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಕೊಟ್ಟು. ಚರ್ಮ ತೆಗೆದ ಬದಿಗೆ ಪಾಲಿಮರ್ ಬೆರೆಸಿದ ತೆಳು ಸಿಮೆಂಟ್ ಪದರ ಎಳೆದ. ಎಳೆಯೋ ಮುಂಚೆ ಹಳೆ ಮೈಯನ್ನ ನೀರು ಕುಡಿಸಿ, ಮೇಲೆ ನೀರು ನಿಲ್ಲದ ಹಾಗೆ ಒರೆಸಿದ, ಇಲ್ಲದಿದ್ರೆ ಹೊಸ ಪದರದ ನೀರನ್ನ ಹಳೆಯದು ಕುಡಿದುಬಿಡುತ್ತೆ. ಹಳೆ ಸಂದಿಗಳ ನೇರ ಮೇಲೆ ಹೊಸ ಪದರದಲ್ಲೂ ಸಂದಿ ಕೊಯ್ದ. ಕರಣೆಯ ನುಣುಪು ಇಲ್ಲ, ಪೊರಕೆ ಎಳೆದು ಗೆರೆ ಮೂಡಿಸಿದ್ದಷ್ಟೇ. ಕಾಲಿಗೂ ಜಾರಲ್ಲ. ಕೊಳದ ಅಂಚುಕಲ್ಲಿಗೂ ಡೆಕ್‌ಗೂ ನಡುವಿನ ಸಂದಿಗೆ ರಬ್ಬರಿನ ಹಾಗೆ ಹಿಗ್ಗೋ ಸೀಲೆಂಟ್ ತುಂಬಿದ. ಆ ಒಂದು ಸಂದಿ ಬಾಯಿ ಬಿಟ್ಟಿದ್ದರಿಂದಲೇ ಎಷ್ಟೋ ನೀರು ಕೆಳಗೆ ಹೋಗಿತ್ತು.

ಹಳೆ ಬದಿಗೆ ಏನೂ ಎಳೆಯಲಿಲ್ಲ. ತೊಳೆದು ಒಣಗಿಸಿ, ಎರಡೂ ಬದಿಗೆ ಸೈಲೇನ್ ಹೊಡೆದಿದ್ದಷ್ಟೇ. ಇದು ಬಣ್ಣದ ಹಾಗೆ ಮೇಲೆ ಪದರ ಕಟ್ಟಲ್ಲ. ಕೆಲವು ಮಿಲಿಮೀಟರ್ ಒಳಗಿಳಿದು ರಂಧ್ರದ ಗೋಡೆಗೆ ಅಂಟಿ, ಕೆಸುವಿನ ಎಲೆ ಥರ ನೀರು ಹತ್ತದ ಹಾಗೆ ಮಾಡುತ್ತೆ. ಆವಿ ಮಾತ್ರ ಆರಾಮಾಗಿ ಹೊರಗೆ ಹೋಗುತ್ತೆ. ಎಲ್ಲ ಕೆಲಸ ಆಗಸ್ಟ್ ಮೊದಲ ವಾರಕ್ಕೆ ಮುಗೀತು. ಮೊದಲ ಹೆಪ್ಪಿಗೆ ಮುಂಚೆ ಹೊಸ ಕಾಂಕ್ರೀಟಿಗೆ ಗಟ್ಟಿಯಾಗಿ ಒಣಗೋ ಕಾಲಾವಕಾಶ ಬೇಕೇ ಬೇಕು, ಅಕ್ಟೋಬರ್‌ನಲ್ಲಿ ಮಾಡಿಸಿದ್ರೆ ಮತ್ತೆ ಅದೇ ಕಥೆ.

ವಾಪಸ್ ಬಂದಮೇಲೆ ನಮ್ಮ ಐಎಸ್ 456 ತೆಗೆದು ನೋಡಿದೆ. 2000ದ ಆವೃತ್ತಿಯಲ್ಲಿ ಇದೆ: ಒದ್ದೆ ಇದ್ದು ಹೆಪ್ಪುಗಟ್ಟಿ ಕರಗೋ ಕಡೆ, ಎಂ 50ಕ್ಕಿಂತ ಕೆಳಗಿನ ಕಾಂಕ್ರೀಟ್ ಆದ್ರೆ, 20 ಮಿಲಿಮೀಟರ್ ಜಲ್ಲಿಗೆ ಶೇ. 5ರಷ್ಟು ಗಾಳಿ, ಒಂದು ಹೆಚ್ಚು ಕಮ್ಮಿ. ನಾಲ್ಕೈದು ಸಾಲು. ಲಡಾಖ್‌ನಲ್ಲೋ ಹಿಮಾಚಲದಲ್ಲೋ ಕಟ್ಟೋರಿಗೆ ಬೇಕಾದದ್ದು. ನಾನು ಆ ಪುಟದ ಹಿಂದಿನ ಪುಟಕ್ಕೂ ಮುಂದಿನ ಪುಟಕ್ಕೂ ಪೆನ್ಸಿಲಲ್ಲಿ ಗೆರೆ ಹಾಕಿದ್ದೀನಿ, ಅದಕ್ಕೆ ಮಾತ್ರ ಇಲ್ಲ.

ಆಮೇಲೆ ಎರಡು ಚಳಿಗಾಲ ಕಳೆದಿವೆ. ಪ್ರತಿ ಏಪ್ರಿಲ್‌ನಲ್ಲೂ ಹಿಮ ಕರಗಿದ ತಕ್ಷಣ ಅವನು ಕಾಲ್ ಮಾಡಿ ಕ್ಯಾಮೆರಾವನ್ನ ನೆಲಕ್ಕೆ ಹಿಡಿದು ಒಂದು ಸುತ್ತು ನಡೀತಾನೆ, ನಾನು ಉಸಿರು ಬಿಗಿಹಿಡಿದು ನೋಡ್ತೀನಿ. ಡೆಕ್ ನಿಂತಿದೆ. ಹಿಂಬಾಗಿಲ ಮೆಟ್ಟಿಲ ಪಕ್ಕ ಮಾತ್ರ ಅಂಗೈಯಗಲ ಜಾಗ ಈ ವರ್ಷ ಉದುರಿದೆ. ಉಪ್ಪಿನ ಬದಲು ಮರಳು ಹಾಕು ಅಂತ ಹೇಳಿದ್ದೆ. ಜನವರಿಯಲ್ಲಿ ಒಂದು ರಾತ್ರಿ ಮರಳು ಮುಗಿದಿತ್ತಂತೆ, ಅಮ್ಮ ಜಾರಿಬಿದ್ದಾರು ಅಂತ ಗ್ಯಾರೇಜಲ್ಲಿ ಉಳಿದಿದ್ದ ಹಳೆ ಉಪ್ಪಿನ ಚೀಲ ಸುರಿದಿದ್ದಾನೆ.